ಚುಕ್ಕೆ ಇಲ್ಲ, ಗಾಯ ಇಲ್ಲ, ಆದರೂ ಮೀನು ಒಂದೊಂದಾಗಿ ಹೋಗ್ತಿವೆ

ಪ್ರಶ್ನೆ: ನಮ್ಮದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ 4 ಅಡಿಯ ಉಪ್ಪುನೀರಿನ ಟ್ಯಾಂಕ್. ಸುಮಾರು 300 ಲೀಟರ್. ಒಂದೂವರೆ ವರ್ಷದಿಂದ ಚೆನ್ನಾಗಿ ನಡೀತಿತ್ತು. 20 ದಿನದ ಹಿಂದೆ ಒಂದು ಬಟರ್‌ಫ್ಲೈ ಮೀನು ತಂದೆವು. ಅದು ಆರನೇ ದಿನ ಸತ್ತಿತು. 13ನೇ ದಿನ ಬ್ಲೂ ಟ್ಯಾಂಗ್, 16ನೇ ದಿನ ಒಂದು ಡ್ಯಾಮ್ಸೆಲ್. ಮೂರೂ ಬೆಳಿಗ್ಗೆ ಎದ್ದಾಗ ಸತ್ತು ಬಿದ್ದಿದ್ದವು. ಹಿಂದಿನ ದಿನ ಊಟ ಬಿಟ್ಟು, ಪಂಪಿನ ನೀರು ರಭಸವಾಗಿ ಬರುವ ಕಡೆ ಮುಖ ಮಾಡಿ ನಿಂತಿರುತ್ತಿದ್ದವು. ಮೈಮೇಲೆ ಬಿಳಿ ಚುಕ್ಕೆ ಇಲ್ಲ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 20, ಪಿಎಚ್ 8.1, ಉಪ್ಪಿನ ಸಾಂದ್ರತೆ 1.025, ಶಾಖ 27 ಡಿಗ್ರಿ. ಅಂಗಡಿಯವರು ಕೊಟ್ಟ ನೀಲಿ ಔಷಧಿ ಎರಡು ಸಲ ಹಾಕಿದೆವು, ಏನೂ ಆಗಲಿಲ್ಲ. ಈಗ ಎರಡು ಕ್ಲೌನ್, ಒಂದು ಡ್ಯಾಮ್ಸೆಲ್, ಒಂದು ಗೋಬಿ ಉಳಿದಿವೆ. ಕ್ಲೀನರ್ ಶ್ರಿಂಪ್ (ಸಿಗಡಿ) ಎರಡೂ, ಬಸವನಹುಳುಗಳೂ ಆರಾಮಾಗಿವೆ. ಏನು ಕಾಯಿಲೆ ಇದು?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಕೊನೆಯಲ್ಲಿ ನೀವು ಸುಮ್ನೆ ಸೇರಿಸಿದ ಆ ಒಂದು ಮಾತಿನ ಮೇಲೆ. ಶ್ರಿಂಪ್ ಆರಾಮಾಗಿವೆ. ನೀರಿನ ಅಷ್ಟೂ ಅಂಕಿಗಳಿಗಿಂತ ಜಾಸ್ತಿ ವಿಷಯ ಆ ಮಾತಿನಲ್ಲಿದೆ. ಯಾಕೆ ಅಂತ ಹೇಳ್ತೀನಿ. ಅದಕ್ಕೂ ಮೊದಲು ಒಂದು ವಿನಂತಿ: ಈ ಉತ್ತರ ಪೂರ್ತಿ ಓದುವ ತನಕ ಟ್ಯಾಂಕಿಗೆ ಇನ್ನು ಯಾವ ಔಷಧಿಯನ್ನೂ ಹಾಕಬೇಡಿ. ಆ ನೀಲಿ ಬಾಟಲಿಯನ್ನೂ ಎತ್ತಿಡಿ.

ಕಾರಣ ಗೊತ್ತಿಲ್ಲದೆ ಮೀನು ಸಾಯುತ್ತಿರುವಾಗ ನಾನು ಮೊದಲು ನೋಡುವುದು ಮೂರು ಸಂಗತಿ. ಯಾರು ಹೋದರು, ಯಾವ ಸರದಿಯಲ್ಲಿ ಹೋದರು, ಯಾರಿಗೆ ಏನೂ ಆಗಿಲ್ಲ. ಶ್ರಿಂಪ್, ಬಸವನಹುಳು ಇವೆಲ್ಲ ನೀರಿನಲ್ಲಿ ವಿಷ ಸೇರಿದರೆ ಮೀನಿಗಿಂತ ಮೊದಲೇ ಬೀಳುತ್ತವೆ. ಆದರೆ ಮೀನಿಗೆ ಅಂಟುವ ಪರಾವಲಂಬಿಗಳು ಶ್ರಿಂಪಿನ ತಂಟೆಗೆ ಹೋಗುವುದಿಲ್ಲ. ಹಾಗಾಗಿ ಶ್ರಿಂಪ್ ಬಿದ್ದು ಮೀನು ಓಡಾಡುತ್ತಿದ್ದರೆ ಮೊದಲ ಅನುಮಾನ ನೀರಿನ ಮೇಲೆ. ಶ್ರಿಂಪ್ ಓಡಾಡಿಕೊಂಡಿದ್ದು ಮೀನು ಒಂದೊಂದಾಗಿ ಹೋಗುತ್ತಿದ್ದರೆ ಅನುಮಾನ ಮೀನಿನ ಮೈಮೇಲಿರುವ ಯಾವುದೋ ಜೀವಿಯ ಮೇಲೆ. ಪೂರ್ತಿ ಖಚಿತ ಅಂತಲ್ಲ, ಆದರೆ ಹುಡುಕಾಟ ಎಲ್ಲಿಂದ ಶುರು ಮಾಡಬೇಕು ಅಂತ ಇದು ಹೇಳಿಬಿಡುತ್ತದೆ.

ಇದಕ್ಕೆ ಉಲ್ಟಾ ಆದ ಒಂದು ಪ್ರಸಂಗ ಹೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಮೈಸೂರಿನ ಒಂದು ಮನೆಯವರು ಫೋನ್ ಮಾಡಿದ್ದರು. ಒಂದೇ ವಾರದಲ್ಲಿ ಮೂರು ಶ್ರಿಂಪ್ ಸತ್ತಿವೆ, ಬಸವನಹುಳುಗಳು ಗಾಜಿನಿಂದ ಕಳಚಿ ಮರಳಿನ ಮೇಲೆ ಬಿದ್ದುಕೊಂಡಿವೆ, ಮೀನುಗಳಿಗೆ ಮಾತ್ರ ಏನೂ ಆಗಿಲ್ಲ, ಟೆಸ್ಟ್ ಕಿಟ್ಟಿನಲ್ಲಿ ಎಲ್ಲ ಸರಿಯಾಗಿದೆ ಅಂದರು. ಮನೆಯಲ್ಲಿ ಈಚೆಗೆ ಏನಾದರೂ ಹೊಸದು ಬಂತಾ ಅಂತ ಕೇಳುತ್ತಾ ಹೋದೆ. ಅಡುಗೆಮನೆಗೆ ಹೊಸ ವಾಟರ್ ಪ್ಯೂರಿಫೈಯರ್ ಬಂದಿತ್ತು. ಕುಡಿಯುವ ನೀರಿಗೆ ತಾಮ್ರ ಸೇರಿಸುತ್ತದಲ್ಲ, ಆ ತರದ್ದು. ಆರ್‌ಒ ನೀರು ತಾನೇ ಅಂತ ಅದನ್ನೇ ದಿನಾ ಟ್ಯಾಂಕಿಗೆ ತುಂಬುತ್ತಿದ್ದರು. ಟ್ಯಾಂಕಿನಿಂದ ಆವಿಯಾಗಿ ಹೋಗುವುದು ಬರೀ ನೀರು. ಅದರ ಜೊತೆ ಬಂದ ತಾಮ್ರ ಒಳಗೇ ಉಳಿದು ದಿನದಿಂದ ದಿನಕ್ಕೆ ಸೇರುತ್ತಾ ಹೋಗುತ್ತದೆ. ನಮಗೆ ಕುಡಿಯಲು ಏನೂ ತೊಂದರೆ ಇಲ್ಲದ ಆ ತಾಮ್ರವೇ ಶ್ರಿಂಪಿನ ಜೀವ ತೆಗೆಯುತ್ತದೆ. ತಾಮ್ರದ ಹಂಡೆಯಲ್ಲಿ ಹಿಡಿದಿಟ್ಟ ನೀರಿನದೂ ಇದೇ ಕತೆ. ಸಾಮಾನ್ಯ ಟೆಸ್ಟ್ ಕಿಟ್ ತಾಮ್ರ ನೋಡುವುದೇ ಇಲ್ಲ, ಅದಕ್ಕೆ ಬೇರೆ ಕಿಟ್ ಬೇಕು.

ಸೊಳ್ಳೆ ಔಷಧಿಯೂ ಅಷ್ಟೇ. ಪ್ಲಗ್ಗಿಗೆ ಹಾಕುವ ಲಿಕ್ವಿಡ್, ಜಿರಲೆಗೆ ಹೊಡೆಯುವ ಸ್ಪ್ರೇ, ಬೀದಿಯಲ್ಲಿ ಬಿಡುವ ಫಾಗಿಂಗ್ ಹೊಗೆ, ಇವುಗಳಲ್ಲಿ ಹೆಚ್ಚಾಗಿ ಇರುವುದು ಪೈರೆಥ್ರಾಯ್ಡ್ ಜಾತಿಯ ರಾಸಾಯನಿಕ. ಮನುಷ್ಯರಿಗೆ ಇದರ ಅಪಾಯ ಕಡಿಮೆ. ಮೀನಿಗೆ, ಅದಕ್ಕಿಂತ ಹೆಚ್ಚಾಗಿ ಸಿಗಡಿ ಜಾತಿಗೆ, ಘೋರ ವಿಷ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆ ಅಲ್ವಾ, ಹಾಗಾಗಿ ಟ್ಯಾಂಕಿರುವ ಕೋಣೆಯಲ್ಲಿ ಇವು ಯಾವುವೂ ಬೇಡ. ನಿಮ್ಮ ಮನೆಯಲ್ಲಿ ಇದೇ ಕಾರಣ ಆಗಿದ್ದರೆ ಶ್ರಿಂಪ್ ಮೊದಲ ದಿನವೇ ಹೋಗಿರುತ್ತಿದ್ದವು. ಹತ್ತು ದಿನದಲ್ಲಿ ಮೂರು ಮೀನು ಅಂತ ಸಾವು ಹೀಗೆ ಹರಡಿಕೊಳ್ಳುತ್ತಿರಲಿಲ್ಲ. ಅದಕ್ಕೇ ವಿಷದ ಮಾತನ್ನು ಬಿಡೋಣ.

ಇನ್ನು ಆಮ್ಲಜನಕ. ಒಂದೇ ಶಾಖದಲ್ಲಿ ಸಿಹಿನೀರು ಹಿಡಿದುಕೊಳ್ಳುವುದಕ್ಕಿಂತ ಸುಮಾರು 20% ಕಡಿಮೆ ಆಮ್ಲಜನಕವನ್ನು ಸಮುದ್ರದ ನೀರು ಹಿಡಿದುಕೊಳ್ಳುತ್ತದೆ. ಅದಕ್ಕೇ ಕರೆಂಟ್ ಹೋಗಿ ಪಂಪ್ ನಿಂತರೆ ಉಪ್ಪುನೀರಿನ ಟ್ಯಾಂಕಿಗೆ ಬೇಗ ಕಷ್ಟ ಬರುತ್ತದೆ. ಮೂರೂ ಸಾವು ರಾತ್ರಿ ಆಗಿರುವುದರಿಂದ ಇದನ್ನೂ ಕೇಳಲೇಬೇಕು: ಆ ರಾತ್ರಿಗಳಲ್ಲಿ ಕರೆಂಟ್ ಹೋಗಿತ್ತಾ? ಆದರೆ ಉಸಿರು ಕಟ್ಟಿದರೆ ಎಲ್ಲ ಮೀನುಗಳೂ ಒಟ್ಟಿಗೆ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆಯುತ್ತವೆ, ಸಾಮಾನ್ಯವಾಗಿ ದೊಡ್ಡವು ಮೊದಲು ಸುಸ್ತಾಗುತ್ತವೆ. ನಿಮ್ಮಲ್ಲಿ ಹಾಗಾಗಿಲ್ಲ. ಒಂದು ಮೀನು ಕಷ್ಟಪಡುತ್ತಿತ್ತು, ಪಕ್ಕದ್ದು ಊಟ ಮಾಡುತ್ತಿತ್ತು. ಹಾಗಾಗಿ ಇದೂ ಅಲ್ಲ ಅನ್ನುವುದು ನನ್ನ ಲೆಕ್ಕ. ಆದರೂ ಇವತ್ತೇ ಒಂದು ಏರ್ ಸ್ಟೋನ್ ಹಾಕಿ. ಕಾಯಿಲೆ ಯಾವುದೇ ಆಗಿರಲಿ, ಕಿವಿರು ಕೆಟ್ಟ ಮೀನಿಗೆ ಅದರಿಂದ ಸ್ವಲ್ಪ ಆಸರೆ ಸಿಗುತ್ತದೆ.

ಈಗ ನಿಮ್ಮ ಮೀನುಗಳ ವಿಷಯಕ್ಕೆ ಬರೋಣ. ಊಟ ಬಿಟ್ಟಿದ್ದು, ರಭಸದ ನೀರಿಗೆ ಮುಖ ಕೊಟ್ಟು ನಿಂತಿದ್ದು, ಚುಕ್ಕೆ ಕಾಣದೇ ಒಂದು ರಾತ್ರಿಯಲ್ಲಿ ಹೋಗಿದ್ದು, ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನ್ನ ಮೊದಲ ಅನುಮಾನ ಮರೈನ್ ವೆಲ್ವೆಟ್. ಅದನ್ನು ತರುವ ಜೀವಿಯ ಹೆಸರು ಅಮಿಲೂಡಿನಿಯಮ್ ಒಸೆಲ್ಲೇಟಮ್. ಇದು ಮೊದಲು ಹಿಡಿಯುವುದು ಕಿವಿರನ್ನು. ಕಿವಿರಿನ ಎಳೆಗಳಿಗೆ ಬೇರು ಬಿಟ್ಟ ಹಾಗೆ ಅಂಟಿಕೊಂಡು ತಿನ್ನುತ್ತದೆ. ಎಳೆಗಳು ಊದಿಕೊಳ್ಳುತ್ತವೆ, ನೀರಿನಲ್ಲಿ ಆಮ್ಲಜನಕ ಇದ್ದರೂ ಮೀನಿಗೆ ಅದು ಸಿಗುವುದಿಲ್ಲ. ಪಂಪಿನ ಎದುರು ನಿಂತರೆ ಕಿವಿರಿನ ಮೂಲಕ ನೀರು ತಾನಾಗಿಯೇ ನುಗ್ಗುತ್ತದೆ, ಆ ಸುಖಕ್ಕೆ ಮೀನು ಅಲ್ಲಿ ನಿಲ್ಲುತ್ತದೆ. ಪಾಪ, ಅದು ಕೊನೆಯ ಶಕ್ತಿ ಹಾಕಿ ಉಸಿರಾಡುತ್ತಿರುತ್ತದೆ. ಮೈಮೇಲೆ ಏನಾದರೂ ಕಾಣುವಷ್ಟರಲ್ಲಿ ಕಿವಿರಿನ ಕತೆ ಮುಗಿದಿರುತ್ತದೆ.

ದಿನಗಳ ಲೆಕ್ಕವೂ ಹೊಂದುತ್ತದೆ. ಈ ಜೀವಿ ಮೀನಿನ ಮೇಲೆ ಕೆಲವು ದಿನ ತಿಂದು, ಉದುರಿ ಕೆಳಗೆ ಬಿದ್ದು, ಗಟ್ಟಿ ಚಿಪ್ಪು ಕಟ್ಟಿಕೊಂಡು ಒಳಗೊಳಗೇ ಒಡೆಯುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಒಂದೇ ಒಂದರಿಂದ 256 ಮರಿಗಳ ತನಕ ಬರಬಹುದು. ಅವು ಈಜಿಕೊಂಡು ಹೊಸ ಮೀನು ಹುಡುಕುತ್ತವೆ. ನಿಮ್ಮ ಬಟರ್‌ಫ್ಲೈ ಆರನೇ ದಿನ ಹೋಯಿತು, ವಾರ ಕಳೆದು ಟ್ಯಾಂಗ್, ಇನ್ನು ಮೂರು ದಿನಕ್ಕೆ ಡ್ಯಾಮ್ಸೆಲ್. ಒಂದು ಸುತ್ತು ಮುಗಿದು ಮುಂದಿನ ಸುತ್ತು ಶುರುವಾದ ಹಾಗಿದೆ. ಕ್ಲೌನ್ ಮೈಮೇಲಿನ ಲೋಳೆ ದಪ್ಪ, ಅದಕ್ಕೇ ಅವು ಸ್ವಲ್ಪ ತಡೆದುಕೊಂಡಿರಬಹುದು. ಆದರೆ ತಪ್ಪಿಸಿಕೊಂಡಿವೆ ಅಂದುಕೊಳ್ಳಬೇಡಿ.

ಅಂಗಡಿಯಲ್ಲಿ ಚೆನ್ನಾಗಿದ್ದ ಮೀನು ಮನೆಗೆ ಬಂದ ಮೇಲೆ ಯಾಕೆ ಹೀಗಾಯಿತು ಅಂತ ನಿಮಗೆ ಅನ್ನಿಸಿರಬಹುದು. ಎಷ್ಟೋ ಅಂಗಡಿಗಳಲ್ಲಿ ಎಲ್ಲ ಟ್ಯಾಂಕಿಗೂ ಒಂದೇ ನೀರು ಸುತ್ತುತ್ತದೆ, ಅದರಲ್ಲಿ ಪರಾವಲಂಬಿಗೆ ಔಷಧಿ ಅಂತ ಸದಾ ಸ್ವಲ್ಪ ತಾಮ್ರ ಇಟ್ಟಿರುತ್ತಾರೆ. ಅಷ್ಟರಿಂದ ಪರಾವಲಂಬಿ ಸಾಯುವುದಿಲ್ಲ, ತಲೆ ತಗ್ಗಿಸಿಕೊಂಡಿರುತ್ತದೆ. ತಾಮ್ರವೇ ಇಲ್ಲದ ನಿಮ್ಮ ನೀರಿಗೆ ಬಂದ ಕೂಡಲೇ ತಲೆ ಎತ್ತುತ್ತದೆ.

ಆದರೆ ಇದುವರೆಗೆ ಹೇಳಿದ್ದು ಅನುಮಾನ. ಈ ಅನುಮಾನವನ್ನು ಗಟ್ಟಿ ಮಾಡಿಕೊಳ್ಳಲು ಇವತ್ತು ರಾತ್ರಿಯೇ ಒಂದು ಕೆಲಸ ಮಾಡಿ. ಟ್ಯಾಂಕಿನ ಲೈಟ್, ಕೋಣೆಯ ಲೈಟ್ ಎರಡೂ ಆರಿಸಿ, ಅರ್ಧ ಗಂಟೆ ಬಿಡಿ. ಆಮೇಲೆ ಟಾರ್ಚನ್ನು ಗಾಜಿಗೆ ಒತ್ತಿ, ಮೀನಿನ ಮೈಗೆ ಬೆಳಕು ಎದುರಿನಿಂದ ಬೀಳದೆ ಪಕ್ಕದಿಂದ ಸವರಿಕೊಂಡು ಹೋಗುವ ಹಾಗೆ ಹಿಡಿಯಿರಿ. ಇಕ್ ಅನ್ನುವ ಬಿಳಿ ಚುಕ್ಕೆ ರೋಗ ಆಗಿದ್ದರೆ ರವೆ ಕಾಳು ಅಂಟಿದ ಹಾಗೆ ಬಿಡಿಬಿಡಿಯಾಗಿ ಕಾಣುತ್ತದೆ, ಬೇಕಾದರೆ ಎಣಿಸಬಹುದು. ವೆಲ್ವೆಟ್ ಎಣಿಸಲು ಆಗುವುದಿಲ್ಲ. ಹಿಟ್ಟಿನ ಗಿರಣಿಯಲ್ಲಿ ಅರ್ಧ ಗಂಟೆ ನಿಂತು ಬಂದವರ ಮುಂಗೈ ನೋಡಿದ್ದೀರಲ್ಲ, ಕೂದಲ ಮೇಲೆಲ್ಲ ನುಣ್ಣನೆ ಧೂಳು ಕೂತಿರುತ್ತದೆ, ಅದೇ ತರ ಮೈಮೇಲೆ ಒಂದು ಮಂಕು, ಕೆಲವೊಮ್ಮೆ ತುಸು ಹಳದಿ ಛಾಯೆ. ಎದುರಿನಿಂದ ನೋಡಿದರೆ ಸಿಗದ ಇದು ಪಕ್ಕದ ಬೆಳಕಿಗೆ ಸಿಗುತ್ತದೆ. ಸಿಗದಿದ್ದರೂ ವೆಲ್ವೆಟ್ ಇಲ್ಲ ಅಂತ ಅರ್ಥ ಅಲ್ಲ, ಬರೀ ಕಿವಿರಿನಲ್ಲೇ ಇರಬಹುದು.

ಹಾಗಾಗಿ ಉಸಿರು ಎಣಿಸಿ. ಮೀನು ಒಂದು ಕಡೆ ನಿಂತಿರುವಾಗ ಫೋನಿನಲ್ಲಿ 30 ಸೆಕೆಂಡ್ ವಿಡಿಯೊ ಮಾಡಿ, ನಿಧಾನವಾಗಿ ಓಡಿಸಿ, ಕಿವಿರಿನ ಮುಚ್ಚಳ ಎಷ್ಟು ಸಲ ತೆರೆಯಿತು ಅಂತ ಎಣಿಸಿ ಎರಡರಿಂದ ಗುಣಿಸಿ. ಮೀನಿನ ಜಾತಿ, ಗಾತ್ರಕ್ಕೆ ತಕ್ಕ ಹಾಗೆ ಇದು ಬೇರೆ ಬೇರೆ ಇರುತ್ತದೆ, ಹಾಗಾಗಿ ಒಂದು ಸಲದ ಎಣಿಕೆಯಿಂದ ಹೇಳಲಾಗದು. ಬೆಳಿಗ್ಗೆ ಸಂಜೆ ಎಣಿಸಿ ಬರೆದಿಡಿ. ಎರಡು ದಿನದಲ್ಲಿ ಸಂಖ್ಯೆ ಏರುತ್ತಾ ಹೋದರೆ ಆ ಮೀನು ಮುಂದಿನ ಸರದಿಯಲ್ಲಿದೆ ಅಂತ ತಿಳಿಯಿರಿ. ಒಂದೇ ಕಡೆಯ ಕಿವಿರು ಆಡುತ್ತಿದೆಯಾ, ಇನ್ನೊಂದು ಮುಚ್ಚಿಕೊಂಡೇ ಇದೆಯಾ ಅಂತಲೂ ನೋಡಿ.

ವೆಲ್ವೆಟ್ ಜೊತೆ ಗೊಂದಲ ಆಗುವುದು ಹೆಚ್ಚಾಗಿ ಫ್ಲೂಕ್ ಅನ್ನುವ ಚಪ್ಪಟೆ ಹುಳದ ವಿಷಯದಲ್ಲಿ. ಅದೂ ಕಣ್ಣಿಗೆ ಕಾಣುವುದಿಲ್ಲ, ಗಾಜಿನ ಹಾಗೆ ಪಾರದರ್ಶಕ. ಮೀನು ಕಲ್ಲಿಗೆ ಮೈ ಉಜ್ಜುತ್ತದೆ, ಕಣ್ಣು ಮಬ್ಬಾಗುತ್ತದೆ. ಇದಕ್ಕೆ ಒಳ್ಳೆಯ ಪರೀಕ್ಷೆ ಸಿಹಿನೀರಿನ ಸ್ನಾನ. ತಾಮ್ರ ಸೇರದ ಆರ್‌ಒ ನೀರನ್ನು ಟ್ಯಾಂಕಿನಷ್ಟೇ ಬೆಚ್ಚಗೆ ಮಾಡಿ, ಅಡುಗೆ ಸೋಡಾ ಸ್ವಲ್ಪ ಸ್ವಲ್ಪ ಸೇರಿಸಿ ಪಿಎಚ್ ಟ್ಯಾಂಕಿನಷ್ಟಕ್ಕೆ ತಂದು, ಗಾಳಿ ಬಿಡುತ್ತಾ, ಕಪ್ಪು ತಳದ ಟಬ್ಬಿನಲ್ಲಿ ಮೀನನ್ನು 5 ನಿಮಿಷ ಬಿಡಿ. ಪಕ್ಕದಲ್ಲೇ ಕೂತು ನೋಡಿ, ಮೀನು ಮಗುಚಿ ಏಳದಿದ್ದರೆ ಕೂಡಲೇ ತೆಗೆಯಿರಿ. ಫ್ಲೂಕ್ ಇದ್ದರೆ ಸಿಹಿನೀರು ತಾಗಿ ಬೆಳ್ಳಗಾಗಿ ಉದುರುತ್ತವೆ. ಕಪ್ಪು ತಳದ ಮೇಲೆ ಬಿಳಿ ಎಳ್ಳು ಚೆಲ್ಲಿದ ಹಾಗೆ ಸ್ಪಷ್ಟವಾಗಿ ಕಾಣುತ್ತದೆ. ಅವಕ್ಕೆ ಪ್ರಾಜಿಕ್ವಾಂಟೆಲ್ ಅನ್ನುವ ಹುಳದ ಔಷಧಿ ಕೊಟ್ಟರಾಯಿತು, ತಾಮ್ರ ಬೇಕಿಲ್ಲ. ಎಳ್ಳು ಬೀಳದೆ ಮೀನು ಒಂದೆರಡು ದಿನ ಮಾತ್ರ ಉಸಿರಾಟದಲ್ಲಿ ಹಗುರಾಗಿ ಮತ್ತೆ ಮೊದಲಿನಂತಾದರೆ, ವೆಲ್ವೆಟ್ ಕಡೆ ತೂಕ ಇನ್ನೂ ಜಾಸ್ತಿ.

ಉಳಿದ ಎರಡು ಪರಾವಲಂಬಿಗಳನ್ನು ಬೇಗ ಹೇಳಿಬಿಡ್ತೀನಿ. ಕ್ಲೌನ್ ಮೈಯಿಂದ ಲೋಳೆ ಗಟ್ಟಿಯಾಗಿ ಹಾಳೆಹಾಳೆಯಾಗಿ ಕಳಚಿದರೆ ಬ್ರೂಕ್ಲಿನೆಲ್ಲಾ. ಡ್ಯಾಮ್ಸೆಲ್, ಕ್ರೋಮಿಸ್ ಮೈಮೇಲೆ ಕೆಂಪು ಹುಣ್ಣು ಎದ್ದರೆ ಯುರೊನೆಮಾ. ನಿಮ್ಮ ಪತ್ರದಲ್ಲಿ ಎರಡರ ಗುರುತೂ ಇಲ್ಲ.

ಖಚಿತವಾಗಿ ಗೊತ್ತಾಗಬೇಕಾದರೆ ಮೈಕ್ರೋಸ್ಕೋಪೇ ಬೇಕು. ದುಬಾರಿದು ಬೇಡ, ಕಾಲೇಜು ಮಕ್ಕಳು ಬಳಸುವ, 100 ಪಟ್ಟು ದೊಡ್ಡದಾಗಿ ತೋರಿಸುವುದು ಸಾಕು. ದೇವರು ಮಾಡಿ ಇನ್ನೊಂದು ಮೀನು ಸಾಯದಿರಲಿ. ಸತ್ತರೆ ಮಾತ್ರ ಆಗಿಂದಾಗಲೇ ಕಿವಿರಿನ ಮುಚ್ಚಳ ಎತ್ತಿ, ಎಳೆಯ ಒಂದು ಚೂರು ಕತ್ತರಿಸಿ, ಟ್ಯಾಂಕಿನ ನೀರಿನದೇ ಒಂದು ಹನಿಯ ಜೊತೆ ಗಾಜಿನ ಮೇಲಿಟ್ಟು ನೋಡಿ. ವೆಲ್ವೆಟ್ ಆದರೆ ಎಳೆಗೆ ಅಂಟಿಕೊಂಡ, ಅಲುಗಾಡದ, ಕಂದು ಬಣ್ಣದ ಮೊಟ್ಟೆಯಾಕಾರದ ಕಾಳುಗಳು. ಇಕ್ ಆದರೆ ದೊಡ್ಡ ದುಂಡು ಜೀವಿ, ನಿಧಾನವಾಗಿ ತನ್ನ ಸುತ್ತ ತಾನೇ ತಿರುಗುತ್ತಿರುತ್ತದೆ. ಬ್ರೂಕ್ಲಿನೆಲ್ಲಾ ಹುರುಳಿಕಾಳಿನ ಹಾಗೆ, ತೆವಳುತ್ತಾ ಜಾರುತ್ತದೆ. ರಾತ್ರಿ ಸತ್ತು ಬೆಳಿಗ್ಗೆ ಸಿಕ್ಕ ಮೀನಿನಲ್ಲಿ ಇವು ಸಿಗುವುದು ಕಷ್ಟ, ಮೀನು ಸತ್ತ ಮೇಲೆ ಬಿಟ್ಟು ಹೋಗುತ್ತವೆ. ಫ್ರಿಜ್ಜಿನಲ್ಲಿ ಇಟ್ಟು ನಾಳೆ ತೋರಿಸುತ್ತೇನೆ ಅಂದರೂ ಪ್ರಯೋಜನ ಇಲ್ಲ. ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದವರನ್ನು ಈಗಲೇ ಮಾತಾಡಿಸಿ ಇಟ್ಟುಕೊಳ್ಳಿ. ನಾನು ಓದಿದ್ದು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ. ಅಲ್ಲಿ ಮೊದಲ ಸಲ ಲೆನ್ಸಿನ ಕೆಳಗೆ ಕಿವಿರು ನೋಡಿದ ದಿನ ಈಗಲೂ ನೆನಪಿದೆ. ಹೊರಗಿನಿಂದ ಕೆಂಪಗೆ ಆರೋಗ್ಯವಾಗಿ ಕಂಡಿದ್ದ ಎಳೆಯ ಮೇಲೆ ಕಾಲಿಡಲು ಜಾಗ ಇಲ್ಲದಷ್ಟು ಕಾಳುಗಳು ಕೂತಿದ್ದವು.

ಈಗ ಆ ನೀಲಿ ಔಷಧಿ. ಬಣ್ಣ ನೋಡಿದರೆ ಮೆಥಿಲೀನ್ ಬ್ಲೂ ಇರಬೇಕು. ನಿಮ್ಮ ಶ್ರಿಂಪ್ ಬದುಕಿವೆ ಅಂದ ಮೇಲೆ ಅದರಲ್ಲಿ ವೆಲ್ವೆಟ್ ಕೊಲ್ಲುವಷ್ಟು ತಾಮ್ರ ಇರಲೇ ಇಲ್ಲ. ಮೆಥಿಲೀನ್ ಬ್ಲೂ ಅಮೋನಿಯಾ ತಿನ್ನುವ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಕೊಡಬಹುದು. ಅದಕ್ಕೇ ಮುಂದಿನ ಒಂದು ವಾರ ದಿನಾ ಅಮೋನಿಯಾ ನೋಡಿ, ಫಿಲ್ಟರಿಗೆ ಹೊಸ ಕಾರ್ಬನ್ ಹಾಕಿ ಬಣ್ಣ ಎಳೆಯಿರಿ.

ಚಿಕಿತ್ಸೆಗೆ ಮೈಕ್ರೋಸ್ಕೋಪಿನ ಉತ್ತರ ಬರುವ ತನಕ ಕಾಯಬೇಕಾ? ಬೇಡ. ವೆಲ್ವೆಟ್ ಅಷ್ಟು ಪುರುಸೊತ್ತು ಕೊಡುವುದಿಲ್ಲ. ಟಾರ್ಚಿನಲ್ಲಿ ಧೂಳು ಕಂಡರೂ ಸರಿ, ಒಂದು ಮೀನಿನ ಉಸಿರಿನ ಲೆಕ್ಕ ಏರಿದರೂ ಸರಿ, ನಾಲ್ಕೂ ಮೀನನ್ನು ಹೊರಗೆ ತೆಗೆಯಿರಿ. ಚೆನ್ನಾಗಿ ಕಾಣುತ್ತಿರುವುದನ್ನೂ ಸೇರಿಸಿ. ಬೇರೆ ಟ್ಯಾಂಕಿನಲ್ಲಿ ಮರಳು, ಕಲ್ಲು ಬೇಡ, ಅವು ತಾಮ್ರ ಹೀರಿಕೊಳ್ಳುತ್ತವೆ. ಅಡಗಲು ಪಿವಿಸಿ ಪೈಪಿನ ತುಂಡು ಸಾಕು. ಒಂದು ಸ್ಪಂಜ್ ಫಿಲ್ಟರ್, ಹೀಟರ್, ಏರ್ ಸ್ಟೋನ್. ಸಿಹಿನೀರಿನ ಸ್ನಾನವನ್ನು ಈ ವರ್ಗಾವಣೆಯ ಹೊತ್ತಿನಲ್ಲೇ ಮಾಡಿದರೆ ಮೀನನ್ನು ಎರಡು ಸಲ ಹಿಡಿಯುವ ಕಷ್ಟ ತಪ್ಪುತ್ತದೆ.

ತಾಮ್ರದ ಔಷಧಿಯಲ್ಲಿ ಎರಡು ಬಗೆ. ಅಕ್ವೇರಿಯಮ್ಮಿಗೆ ಅಂತಲೇ ಮಾಡಿದ ಕಿಲೇಟೆಡ್ ತಾಮ್ರ (ಬೇರೊಂದು ರಾಸಾಯನಿಕಕ್ಕೆ ಕಟ್ಟಿಹಾಕಿದ ತಾಮ್ರ) ಸಿಕ್ಕರೆ ಅದನ್ನೇ ತನ್ನಿ, ಬಾಟಲಿಯಲ್ಲಿ ಹೇಳಿದ ಮಟ್ಟಕ್ಕೆ ಎರಡು ದಿನದಲ್ಲಿ ಏರಿಸಿ. ಇದು ಸಾಮಾನ್ಯವಾಗಿ ಲೀಟರಿಗೆ 2ರಿಂದ 2.5 ಮಿಲಿಗ್ರಾಂ. ಆ ಮಟ್ಟವನ್ನು ಒಂದು ದಿನವೂ ಕೆಳಗಿಳಿಸದೆ 30 ದಿನ ಇಡಿ. ಆ ಬಗೆಯ ತಾಮ್ರ ಅಳೆಯುವ ಕಿಟ್ ಇಲ್ಲದೆ ಶುರು ಮಾಡಲೇಬೇಡಿ. ಇನ್ನೊಂದು ಬಗೆ ಕಾಪರ್ ಸಲ್ಫೇಟ್, ನಮ್ಮ ಮಲೆನಾಡಿನ ಅಡಿಕೆ ತೋಟದವರ ಮೈಲುತುತ್ತ. ಊರಲ್ಲಿ ಮನೆಯಲ್ಲೇ ಇದೆ, ಒಂದು ಚಿಟಿಕೆ ಹಾಕಲಾ ಅಂತ ಎಷ್ಟೋ ಜನ ಕೇಳುತ್ತಾರೆ. ದಯವಿಟ್ಟು ಬೇಡ. ಅಡಿಕೆಗೆ ಹೊಡೆಯುವ ಒಂದು ಪರ್ಸೆಂಟ್ ಬೋರ್ಡೋ ದ್ರಾವಣಕ್ಕೆ 100 ಲೀಟರಿಗೆ 1 ಕೆಜಿ ಮೈಲುತುತ್ತ ಹಾಕುತ್ತಾರೆ. ಕಟ್ಟಿಹಾಕದ ಈ ಬಗೆಯಲ್ಲಿ ಮೀನಿಗೆ ಬೇಕಾದ ತಾಮ್ರ ಲೀಟರಿಗೆ ಬರೀ 0.15ರಿಂದ 0.20 ಮಿಲಿಗ್ರಾಂ, ಅಂದರೆ 100 ಲೀಟರಿಗೆ ಹೆಚ್ಚೆಂದರೆ 80 ಮಿಲಿಗ್ರಾಂ ಮೈಲುತುತ್ತ. ಅದಕ್ಕಿಂತ ಸ್ವಲ್ಪ ಇಳಿದರೆ ಪರಾವಲಂಬಿ ಉಳಿಯುತ್ತದೆ, ಸ್ವಲ್ಪ ಏರಿದರೆ ಮೀನು ಉಳಿಯುವುದಿಲ್ಲ. ಚಿಟಿಕೆಯಲ್ಲಿ ಅಳೆಯುವ ಮಾತಲ್ಲ ಇದು, ಮೇಲಾಗಿ ಗೊಬ್ಬರದಂಗಡಿಯ ಮಾಲಿನಲ್ಲಿ ಬೇರೇನು ಬೆರೆತಿದೆಯೋ.

ತಾಮ್ರ ಇರುವ ನೀರಿಗೆ ಅಮೋನಿಯಾ ತೆಗೆಯುವ ದ್ರವ ಸೇರಿಸಬೇಡಿ, ಅವುಗಳಲ್ಲಿ ಕೆಲವು ತಾಮ್ರವನ್ನು ಮೀನಿಗೆ ಇನ್ನೂ ಕೆಟ್ಟ ವಿಷ ಮಾಡಿಬಿಡುತ್ತವೆ. ಅಮೋನಿಯಾ ಏರಿದರೆ ಅಷ್ಟೇ ತಾಮ್ರ ಬೆರೆಸಿದ ಹೊಸ ಉಪ್ಪುನೀರಿನಿಂದ ಅರ್ಧ ಬದಲಿಸಿ. ಉಪ್ಪು ಇಳಿಸಿ ಗುಣ ಮಾಡುವ ವಿಧಾನ ಇಕ್‌ಗೆ ನಡೆಯುತ್ತದೆ, ವೆಲ್ವೆಟ್‌ಗೆ ನಡೆಯುವುದಿಲ್ಲ. ಈ ಜೀವಿ ಬಹಳ ಕಡಿಮೆ ಉಪ್ಪಿನಲ್ಲೂ ಬದುಕುತ್ತದೆ.

ಶ್ರಿಂಪ್, ಬಸವನಹುಳು, ಕಲ್ಲು ಎಲ್ಲ ದೊಡ್ಡ ಟ್ಯಾಂಕಿನಲ್ಲೇ ಇರಲಿ. ಅದಕ್ಕೆ ತಾಮ್ರದ ಒಂದು ಹನಿಯೂ ಬೀಳಬಾರದು. ವೆಲ್ವೆಟ್ ಒಂದೇ ಅಂತ ಖಚಿತವಾದರೆ ಆರು ವಾರ ಮೀನಿಲ್ಲದೆ ಬಿಟ್ಟರೆ ಸಾಕು. ಖಚಿತ ಆಗದಿದ್ದರೆ ಇಕ್ ಕೂಡ ಹೋಗಲಿ ಅಂತ 76 ದಿನ ಬಿಡಿ. ಎರಡೂವರೆ ತಿಂಗಳು ಖಾಲಿ ಟ್ಯಾಂಕ್ ನೋಡುತ್ತಾ ಕೂರುವುದು ಬೇಜಾರಿನ ಕೆಲಸವೇ, ನಾನೂ ಪಟ್ಟಿದ್ದೇನೆ. ಮೊದಲ ಸಲ 25ನೇ ದಿನಕ್ಕೇ ತಡೆಯಲಾಗದೆ ಮೀನು ವಾಪಸ್ ಬಿಟ್ಟು, ಚಿಕಿತ್ಸೆಯಲ್ಲಿ ಉಳಿಸಿಕೊಂಡಿದ್ದ ಐದನ್ನೂ ಕಳೆದುಕೊಂಡೆ. ಆಮೇಲೆ ಯಾವತ್ತೂ ಒಂದು ದಿನ ಮುಂಚೆ ಬಿಟ್ಟಿಲ್ಲ.

ಎರಡು ಟ್ಯಾಂಕಿಗೂ ಬೇರೆ ಬೇರೆ ಬಲೆ, ಬಕೆಟ್ ಇಟ್ಟುಕೊಳ್ಳಿ, ಕೈ ಒಣಗಿಸಿಕೊಂಡು ಮುಟ್ಟಿ. ನೀರಿನ ಸಣ್ಣ ಹನಿ ಗಾಳಿಯಲ್ಲಿ ಹಾರಿಕೊಂಡೂ ಇದು ದಾಟುತ್ತದೆ, ಅದಕ್ಕೇ ಎರಡರ ನಡುವೆ 3 ಮೀಟರಿಗಿಂತ ಹೆಚ್ಚು ಅಂತರ ಇರಲಿ, ಇನ್ನೊಂದು ಕೋಣೆ ಆದರೆ ಇನ್ನೂ ಒಳ್ಳೆಯದು. ಫ್ಯಾನ್ ಗಾಳಿ ಅತ್ತಿಂದಿತ್ತ ಬೀಸದ ಹಾಗೆ ನೋಡಿಕೊಳ್ಳಿ.

ನಾಳೆ ಬೆಳಿಗ್ಗೆಯೊಳಗೆ ನನಗೆ ಮೂರು ವಿಷಯ ಬರೆಯಿರಿ. ಟಾರ್ಚಿನಲ್ಲಿ ಕಂಡಿದ್ದು, ನಾಲ್ಕೂ ಮೀನಿನ ಉಸಿರಿನ ಎಣಿಕೆ, ಆ ನೀಲಿ ಬಾಟಲಿಯ ಹಿಂದೆ ಬರೆದಿರುವುದರ ಫೋಟೊ. ಗೋಬಿ ಸದಾ ಕಲ್ಲಿನಡಿ ಇರುವುದರಿಂದ ಅದರ ಎಣಿಕೆ ತಪ್ಪಿಹೋಗುತ್ತದೆ, ಊಟ ಹಾಕಿದಾಗ ಹೊರಗೆ ಬರುತ್ತದಲ್ಲ, ಆಗ ಹಿಡಿಯಿರಿ. ಊಟಕ್ಕೂ ಬರಲಿಲ್ಲ ಅಂದರೆ ಬೆಳಗಿನ ತನಕ ಕಾಯದೆ ರಾತ್ರಿಯೇ ಬರೆಯಿರಿ.